ದಂತವಾಣಿಜ್ಯದ ಹೊಸ ಆಕರಗಳು

ಶ್ವೇತಾಂಬರ ಆಗಮಗಳಲ್ಲಿ ಒಂದಾದ ‘ಉಪಾಸಕದಶಾಂಗ’ದಲ್ಲಿ ಶ್ರಾವಕನು ಕೈಹಾಕಬಾರದ ಹದಿನೈದು ವೃತ್ತಿಗಳ ಪಟ್ಟಿಯೊಂದು ಬರುತ್ತದೆ. ಇವಕ್ಕೆ ಕರ್ಮಾದಾನಗಳೆಂದು ಹೆಸರು. ದಂತವಾಣಿಜ್ಯ ಅವುಗಳಲ್ಲಿ ಒಂದು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ‘ಯೋಗಶಾಸ್ತ್ರ’ದಲ್ಲಿ ಇದನ್ನು ವಿವರಿಸುವಾಗ ಆನೆಯ ದಂತಕ್ಕೆ ನಿಲ್ಲುವುದಿಲ್ಲ. ಕೂದಲು, ಉಗುರು, ಎಲುಬು, ತೊಗಲುಗಳನ್ನೂ ಸೇರಿಸಿ, ತ್ರಸಜೀವಿಗಳ ಅಂಗಗಳನ್ನು ವ್ಯಾಪಾರಕ್ಕಾಗಿ ಅವುಗಳ ಆಕರದಲ್ಲಿಯೇ ಪಡೆಯುವುದು ದಂತವಾಣಿಜ್ಯವೆನ್ನುತ್ತಾರೆ. ‘ಆಕರ’ವೆಂಬ ಮಾತು ಇಲ್ಲಿ ಮುಖ್ಯವಾದುದು. ಆನೆಯನ್ನು ಕೊಲ್ಲುವವನು ಬೇಟೆಗಾರ. ಆದರೆ ಆ ಕೊಲೆ ಹುಟ್ಟುವುದು ಕಾಡಿನಂಚಿಗೆ ಹಣದ ಚೀಲ ಹಿಡಿದು ಬಂದ ವರ್ತಕನಿಂದ. ನಿಷೇಧವು ಬೇಟೆಗಾರನಿಗಿಂತ ಮೊದಲು ವರ್ತಕನನ್ನು ಉದ್ದೇಶಿಸಿದೆ.

ಹದಿಮೂರನೆಯ ಶತಮಾನದ ದಿಗಂಬರ ವಿದ್ವಾಂಸ ಆಶಾಧರನು ‘ಸಾಗಾರಧರ್ಮಾಮೃತ’ದಲ್ಲಿ ಈ ಹದಿನೈದರ ಪಟ್ಟಿಯನ್ನು ಹೆಸರಿಸಿ, ಅದು ಸೊಗಸಲ್ಲವೆನ್ನುತ್ತಾನೆ. ಲೋಕದಲ್ಲಿ ಪಾಪದ ಕಸುಬುಗಳು ಎಣಿಕೆಗೆ ಸಿಗುವವಲ್ಲ. ಹೀಗಿರುವಾಗ ಹದಿನೈದೇ ಎನ್ನುವುದೇಕೆ ಎಂಬುದು ಅವನ ಆಕ್ಷೇಪ. ಇದನ್ನು ಪಂಥಭೇದದ ಸಣ್ಣ ತಕರಾರೆಂದು ದಾಟಿಹೋಗುವುದು ಸುಲಭ. ಆದರೆ ಬದುಕಿರುವ ಮನುಷ್ಯನ ಒಡಲಿನಿಂದ ಮೂತ್ರಪಿಂಡವನ್ನು ತೆಗೆದು ಮಾರುವ ವಾಣಿಜ್ಯವನ್ನು ಯಾವ ಶ್ರಾವಕಾಚಾರಕಾರನೂ ಊಹಿಸಿರಲಾರ. ಆ ಮಟ್ಟಿಗೆ ಆಶಾಧರನ ಸಂದೇಹವೇ ಸರಿಯಾಯಿತು.

ಈ ವಾಣಿಜ್ಯಕ್ಕೂ ಆಕರಗಳಿವೆ. ಚೆನ್ನೈ ನಗರದ ವಿಲ್ಲಿವಾಕ್ಕಂ ಎಂಬ ಬಡಾವಣೆಗೆ ‘ಕಿಡ್ನಿವಾಕ್ಕಂ’ ಎಂಬ ಅಡ್ಡಹೆಸರು ಬಿದ್ದದ್ದು ಅಲ್ಲಿನ ಬಡವರು ಮೂತ್ರಪಿಂಡ ಮಾರಿಕೊಂಡದ್ದರಿಂದ. 2004ರ ಸುನಾಮಿಯಲ್ಲಿ ಮನೆಮಾರು ಕಳೆದುಕೊಂಡ ಬೆಸ್ತರಿಗೆ ಅದೇ ನಗರದ ಉತ್ತರಕ್ಕೆ, ಎರ್ನಾವೂರಿನಲ್ಲಿ, ವಸತಿ ಕಲ್ಪಿಸಲಾಗಿತ್ತು. ಆ ವಸತಿಯ ಹೆಣ್ಣುಮಕ್ಕಳು ಮೂತ್ರಪಿಂಡ ಮಾರಿದ ಸಂಗತಿ 2007ರಲ್ಲಿ ಬಯಲಾಯಿತು. ಕಡಲಿನಿಂದ ದೂರ ಕಳುಹಿಸಲ್ಪಟ್ಟ ಮೀನುಗಾರನಿಗೆ ಹಿಡಿಯಲು ಮೀನಿಲ್ಲ, ತೀರಿಸಲು ಸಾಲವಿದೆ. ದಲ್ಲಾಳಿಗೆ ಬೇಕಾದುದೂ ಇಂತಹ ನೆಲವೇ. ನೇಪಾಳದ ಹೊಕ್ಸೆ ಎಂಬ ಹಳ್ಳಿಯ ಜನರನ್ನು ದಲ್ಲಾಳಿಗಳು ಶಸ್ತ್ರಕ್ರಿಯೆಗಾಗಿ ಭಾರತಕ್ಕೆ ಕರೆತಂದ ಕಥೆಯೂ ಇದಕ್ಕಿಂತ ಬೇರೆಯದಲ್ಲ. ಬೆಂಗಳೂರು ಈ ಭೂಪಟದಿಂದ ಹೊರಗಿದೆಯೆಂದು ನಾವು ಸಮಾಧಾನಪಡುವಂತಿಲ್ಲ. 1995ರಲ್ಲಿ ಇಲ್ಲಿಯೂ ದೊಡ್ಡದೊಂದು ಜಾಲ ಪೊಲೀಸರ ಕೈಗೆ ಸಿಕ್ಕಿತ್ತು.

ಮಾರಿದವರಿಗೆ ಏನು ದೊರೆಯಿತು? ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಚೆನ್ನೈನಲ್ಲಿ ಮೂತ್ರಪಿಂಡ ಮಾರಿದ 305 ಮಂದಿಯನ್ನು ಮಾತನಾಡಿಸಿತು. ಅವರಲ್ಲಿ ಬಹುಪಾಲು ಮಹಿಳೆಯರು. ಶೇ. 96ರಷ್ಟು ಜನ ಮಾರಿದ್ದು ಸಾಲ ತೀರಿಸಲು. ಕೈಗೆ ಬಂದದ್ದು ಸರಾಸರಿ 1,070 ಡಾಲರ್. ಸುಮಾರು ಆರು ವರ್ಷಗಳ ಬಳಿಕ ನೋಡಿದರೆ ಅವರ ಕುಟುಂಬದ ವರಮಾನ ಮೂರನೆಯ ಒಂದು ಭಾಗದಷ್ಟು ಕುಸಿದಿತ್ತು, ನಾಲ್ವರಲ್ಲಿ ಮೂವರು ಇನ್ನೂ ಸಾಲದಲ್ಲಿಯೇ ಇದ್ದರು, ಶೇ. 86ರಷ್ಟು ಜನ ಆರೋಗ್ಯ ಕೆಟ್ಟಿತೆಂದರು. ಕೂಲಿಯಿಂದ ಬದುಕುವವರಿಗೆ ಒಡಲೇ ಬಂಡವಾಳ. ಬಂಡವಾಳವನ್ನೇ ಮಾರಿದ ಮೇಲೆ ವರಮಾನ ಕುಸಿಯದೆ ಇನ್ನೇನಾದೀತು?

ಇಷ್ಟಾದರೂ ಶಸ್ತ್ರಕ್ರಿಯೆಯ ಕಾಗದಪತ್ರಗಳಲ್ಲಿ ಇವರ ಹೆಸರು ‘ದಾನಿ’. ಭಾಷೆಯನ್ನು ಪಾಠ ಹೇಳುವವನಿಗೆ ಎಲ್ಲಕ್ಕಿಂತ ಹೆಚ್ಚು ಕಸಿವಿಸಿ ಹುಟ್ಟಿಸುವುದು ಈ ಪದವೇ. ಮಾನವ ಅಂಗಾಂಗ ಕಸಿ ಕಾಯಿದೆ ಬಂದದ್ದು 1994ರಲ್ಲಿ. ಹತ್ತಿರದ ಬಂಧುವಲ್ಲದವರು ಅಂಗ ಕೊಡುವುದಾದರೆ ಅದು ರೋಗಿಯ ಮೇಲಿನ ಮಮತೆಯಿಂದ ಅಥವಾ ಬೇರಾವುದಾದರೂ ವಿಶೇಷ ಕಾರಣದಿಂದ ಆಗಬೇಕು, ಅದಕ್ಕೆ ಸಮಿತಿಯೊಂದರ ಒಪ್ಪಿಗೆ ಬೇಕು ಎಂದು ಅದು ವಿಧಿಸಿತು. ಉದ್ದೇಶ ಒಳ್ಳೆಯದೇ. ಆದರೆ ಜಾಲಗಳು ಈ ಕಿಂಡಿಯಲ್ಲಿಯೇ ನುಸುಳಿದವು. ಮುಖಪರಿಚಯವೂ ಇಲ್ಲದ ಶ್ರೀಮಂತನ ಮೇಲೆ ತನಗೆ ಅಪಾರ ಮಮತೆಯಿದೆಯೆಂದು ಬಡವಳೊಬ್ಬಳು ಪ್ರಮಾಣಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಕಾಯಿತು. ಮೂತ್ರಪಿಂಡಕ್ಕೆ ಮುಂಚೆ ಅವಳಿಂದ ಕಿತ್ತುಕೊಂಡದ್ದು ಅವಳ ಸತ್ಯವನ್ನು.

‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯವು ಅನುಗ್ರಹಕ್ಕಾಗಿ ತನ್ನದನ್ನು ಬಿಟ್ಟುಕೊಡುವುದನ್ನು ದಾನವೆನ್ನುತ್ತದೆ, ವಿಧಿ, ದ್ರವ್ಯ, ದಾತೃ, ಪಾತ್ರಗಳಿಂದ ಅದರ ಹೆಚ್ಚುಗಾರಿಕೆಯನ್ನು ಅಳೆಯುತ್ತದೆ. ಸಾಲಿಗನ ಬೆದರಿಕೆಯಿಂದ ಬಿಟ್ಟುಕೊಟ್ಟುದು ಈ ನಾಲ್ಕರಲ್ಲಿ ಯಾವ ಅಳತೆಗೂ ದಾನವಾಗದು. ಅದೇ ಅಧ್ಯಾಯದಲ್ಲಿ ಅಚೌರ್ಯವ್ರತದ ಐದು ಅತಿಚಾರಗಳನ್ನು ಓದಿದರೆ ಈ ಜಾಲದ ದೋಷಾರೋಪಪಟ್ಟಿಯನ್ನೇ ಓದಿದಂತಾಗುತ್ತದೆ. ಕಳ್ಳತನಕ್ಕೆ ಪ್ರೇರೇಪಿಸುವ ಸ್ತೇನಪ್ರಯೋಗ ದಲ್ಲಾಳಿಯದು. ಕದ್ದುದನ್ನು ಕೊಳ್ಳುವ ತದಾಹೃತಾದಾನ, ರಾಜ್ಯದ ಕಟ್ಟಳೆಯನ್ನು ಮೀರುವ ವಿರುದ್ಧರಾಜ್ಯಾತಿಕ್ರಮ ಯಾರವೆಂದು ಹೇಳಬೇಕಿಲ್ಲ. ಲಕ್ಷಗಳಲ್ಲಿ ಪಡೆದು ಸಾವಿರಗಳಲ್ಲಿ ಕೊಡುವುದು ಹೀನಾಧಿಕಮಾನೋನ್ಮಾನ. ಸುಳ್ಳು ಗುರುತಿನ ಚೀಟಿ ಸೃಷ್ಟಿಸುವುದು ಪ್ರತಿರೂಪಕವ್ಯವಹಾರ. ತಕ್ಕಡಿ ಹಿಡಿದ ವರ್ತಕರನ್ನು ಕುರಿತು ಹೇಳಿದ ಮಾತುಗಳಿವು. ತಕ್ಕಡಿಯಲ್ಲಿ ಮನುಷ್ಯನನ್ನೇ ಇಟ್ಟಾಗಲೂ ಇಷ್ಟು ನೇರವಾಗಿ ಹೊಂದುತ್ತವೆ.

ವ್ಯಾಪಾರವನ್ನು ಮುಚ್ಚಿಡುವ ಬದಲು ಸಕ್ರಮಗೊಳಿಸಿ, ನ್ಯಾಯಬೆಲೆ ಕೊಡಿಸಿ ಎನ್ನುವ ವಿದ್ವಾಂಸರಿದ್ದಾರೆ. ಅವರು ಇರಾನಿನತ್ತ ಬೆರಳು ತೋರಿಸುತ್ತಾರೆ. ಅಲ್ಲಿ ಹಣ ಪಡೆದು ಮೂತ್ರಪಿಂಡ ಕೊಡುವುದು ಕಾನೂನುಸಮ್ಮತ. ಆದರೆ ಬೆಲೆ ಹೆಚ್ಚಾದರೂ ಮಾರುವ ಮನೆ ಯಾವುದು, ಕೊಳ್ಳುವ ಮನೆ ಯಾವುದು ಎಂಬುದು ಬದಲಾಗುವುದಿಲ್ಲ. ಇನ್ನು ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್ ಯಂತ್ರಕ್ಕೆ ಒಡ್ಡಿಕೊಳ್ಳುವ ರೋಗಿಯ ಸಂಕಟ. ಅದನ್ನು ಕಂಡವರು ಅವನನ್ನು ಹಗುರವಾಗಿ ದೂಷಿಸಲಾರರು. ಅವನಿಗೆ ದಾರಿಯಿರುವುದು ಮರಣೋತ್ತರ ಅಂಗದಾನದಲ್ಲಿ. ನಮ್ಮ ರಾಜ್ಯದ ‘ಜೀವಸಾರ್ಥಕತೆ’ ಯೋಜನೆ ಆ ಕೆಲಸದಲ್ಲಿ ತೊಡಗಿದೆ. ಜೀವ ತೊರೆದ ದೇಹ ಪುದ್ಗಲ ಮಾತ್ರವೆಂದು ತಿಳಿದ ಜೈನ ಸಮಾಜ ಇದರಲ್ಲಿ ಮುಂದೆ ನಿಲ್ಲಬೇಕಾಗಿತ್ತು ಎಂದು ನನ್ನ ಅಭಿಪ್ರಾಯ.

ಉಳಿದಿರುವುದು ಕಾನೂನಿನ ಒಳಗಿನ ವಿರೋಧ. ಮಾನವ ಕಳ್ಳಸಾಗಣೆಯನ್ನು ಕುರಿತು 2013ರಲ್ಲಿ ತಿದ್ದುಪಡಿಯಾದ ಭಾರತೀಯ ದಂಡ ಸಂಹಿತೆಯ 370ನೆಯ ಕಲಮು ಬಲವಂತದ ಅಂಗಹರಣವನ್ನು ಶೋಷಣೆಯೆಂದು ಕರೆದು, ಬಲಿಪಶುವಿನ ಒಪ್ಪಿಗೆಗೆ ಬೆಲೆಯಿಲ್ಲವೆಂದು ಸಾರಿತು. ಈಗಿನ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಕಸಿ ಕಾಯಿದೆಯ 19ನೆಯ ಕಲಮಾದರೋ ಅಂಗಕ್ಕಾಗಿ ಹಣ ಕೊಟ್ಟವನನ್ನೂ ಪಡೆದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. 2011ರ ತಿದ್ದುಪಡಿಯ ನಂತರ ಶಿಕ್ಷೆ ಐದರಿಂದ ಹತ್ತು ವರ್ಷ ಸೆರೆ, ಇಪ್ಪತ್ತು ಲಕ್ಷದಿಂದ ಒಂದು ಕೋಟಿ ರೂಪಾಯಿ ದಂಡ. ಬೇಟೆಗಾರನಿಗೂ ವರ್ತಕನಿಗೂ ಇರುವ ಅಂತರವನ್ನು ಹೇಮಚಂದ್ರರು ಕಂಡಿದ್ದರು. ಇಲ್ಲಿ ಶಿಕ್ಷೆಗೆ ಗುರಿಯಾಗಿರುವುದು ಬೇಟೆಗಾರನೂ ಅಲ್ಲ, ಬೇಟೆಗೆ ಸಿಕ್ಕ ಜೀವ. ಬಡತನದಿಂದ ಅಂಗ ಮಾರಿದವರನ್ನು 19ನೆಯ ಕಲಮಿನಿಂದ ಹೊರಗಿಡುವ ಒಂದು ಪರಂತುಕವನ್ನಾದರೂ ಸಂಸತ್ತು ಸೇರಿಸಬೇಕು. ಅಲ್ಲಿಯವರೆಗೆ, ದಲ್ಲಾಳಿ ಮೋಸಮಾಡಿದನೆಂದು ಠಾಣೆಗೆ ಹೋಗುವ ಎರ್ನಾವೂರಿನ ಹೆಣ್ಣುಮಗಳು ತನ್ನ ಪಕ್ಕೆಯ ಹೊಲಿಗೆಯ ಗುರುತು ತೋರಿಸಿದರೆ ಅದು ಅವಳ ವಿರುದ್ಧದ ಮೊದಲ ಸಾಕ್ಷ್ಯವೂ ಆಗುತ್ತದೆ.