ಗಡುವಿನ ಗಡಿಯಾರ ನಿಲ್ಲುವುದು ಯಾವಾಗ?

ಶುಕ್ರವಾರ ಸಂಜೆ ನಾಲ್ಕು ಗಂಟೆ. ಪ್ರವೇಶ ಪತ್ರ ಕೈಗೆ ಬಂದಾಗ ಅದರಲ್ಲಿ ತನ್ನ ಹೆಸರು ತಪ್ಪಾಗಿರುವುದು ವಿದ್ಯಾರ್ಥಿನಿಯೊಬ್ಬಳಿಗೆ ಕಂಡಿತೆನ್ನಿ. ಪರೀಕ್ಷೆ ಸೋಮವಾರ ಬೆಳಿಗ್ಗೆ 10 ಗಂಟೆಗೆ. ಗಾಬರಿಯಿಂದ ಸಹಾಯ ಕೇಂದ್ರಕ್ಕೆ ದೂರು ಕಳುಹಿಸುತ್ತಾಳೆ. ಮರುಕ್ಷಣವೇ ಉತ್ತರ: 'ನಿಮ್ಮ ದೂರು ದಾಖಲಾಗಿದೆ. ಎಂಟು ಗಂಟೆಗಳೊಳಗೆ ಪರಿಹಾರ.' ರಾತ್ರಿ ಹನ್ನೆರಡರೊಳಗೆ ಎಲ್ಲ ಸರಿಹೋಗುವುದೆಂದು ಮನೆಯವರಿಗೆ ನೆಮ್ಮದಿ.

ಆದರೆ ಆ ಉತ್ತರ ಬರೆದದ್ದು ಮನುಷ್ಯರಲ್ಲ, 'ಹೆಲ್ಪ್ ಡೆಸ್ಕ್' ತಂತ್ರಾಂಶ. ಪ್ರತಿ ದೂರಿಗೂ ಅದು 'ಟಿಕೆಟ್' ತೆರೆದು, ಸಂಖ್ಯೆ ಕೊಟ್ಟು, ಗಡುವನ್ನೂ ತಾನೇ ಬರೆದುಕೊಳ್ಳುತ್ತದೆ. ಗಡುವು ಮೀರಿದರೆ ಮೇಲಿನವರಿಗೆ ಸುದ್ದಿ ಮುಟ್ಟಿಸುತ್ತದೆ. ಗಡುವು ಲೆಕ್ಕ ಹಾಕಲು ಅದಕ್ಕೆ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು.

ಮೊದಲನೆಯದು, ಯಾವ ಗಂಟೆಗಳನ್ನು ಎಣಿಸಬೇಕು? ಕಚೇರಿಯ ಸಮಯ ಬೆಳಿಗ್ಗೆ 10ರಿಂದ ಸಂಜೆ 6, ಶನಿವಾರ ಮತ್ತು ಭಾನುವಾರ ರಜೆ ಎಂದು ಮೊದಲೇ ತುಂಬಿಸಿದ್ದರೆ, ಶುಕ್ರವಾರಕ್ಕೆ ಸಿಗುವುದು ಎರಡೇ ಗಂಟೆ. ಉಳಿದ ಆರು ಗಂಟೆ ಸೋಮವಾರದ ಲೆಕ್ಕಕ್ಕೆ. ಗಡುವು ಸೋಮವಾರ ಸಂಜೆ 4! ಅಷ್ಟರೊಳಗೆ ಹೆಸರು ತಿದ್ದಿದರೆ ಯಂತ್ರದ ಪ್ರಕಾರ ಕೆಲಸ ಸಕಾಲಕ್ಕೆ ಮುಗಿದಿದೆ. ಹುಡುಗಿಯ ಪಾಲಿಗೆ ಪರೀಕ್ಷೆಯೇ ಮುಗಿದಿದೆ.

ಎರಡನೆಯದು, ಎಷ್ಟು ತುರ್ತು? ಎಲ್ಲ ದೂರುಗಳಿಗೂ ಒಂದೇ ಗಡುವು ಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಓಎಸ್‌ಟಿಕೆಟ್ ಎಂಬ ಉಚಿತ ತಂತ್ರಾಂಶದಲ್ಲಿ ವಿಷಯಕ್ಕೊಂದು ಗಡುವು ನಿಗದಿ ಮಾಡಬಹುದು. 'ಪ್ರವೇಶ ಪತ್ರ' ಎಂಬ ವಿಷಯಕ್ಕೆ ರಜೆಯನ್ನು ಲೆಕ್ಕಿಸದ ಎರಡು ಗಂಟೆಯ ಗಡುವು ಕೊಟ್ಟು, ರಜಾದಿನದಲ್ಲಿ ಒಬ್ಬ ಸಿಬ್ಬಂದಿಯನ್ನು ಕೂರಿಸಿದ್ದರೆ ಹುಡುಗಿಯ ವರ್ಷ ಉಳಿಯುತ್ತಿತ್ತು. ಆ ವಿವೇಕ ಯಂತ್ರದ್ದಲ್ಲ, ನಿಯಮ ತುಂಬಿಸಿದವರದ್ದು.

ಮೂರನೆಯದು, ಚೆಂಡು ಈಗ ಯಾರ ಅಂಗಳದಲ್ಲಿದೆ? ಸಿಬ್ಬಂದಿ 'ಅಂಕಪಟ್ಟಿಯ ಪ್ರತಿ ಕಳುಹಿಸಿ' ಎಂದು ಕೇಳಿ ಟಿಕೆಟನ್ನು ಬಾಕಿ ಇಟ್ಟೊಡನೆ ಹಲವು ತಂತ್ರಾಂಶಗಳಲ್ಲಿ ಗಡಿಯಾರ ನಿಂತುಬಿಡುತ್ತದೆ. ಆ ಪತ್ರ ನೋಡದೆ 'ಕಚೇರಿಯವರು ನಿದ್ದೆ ಮಾಡುತ್ತಿದ್ದಾರೆ' ಎಂದು ಕಾಯುತ್ತ ಕುಳಿತರೆ, ಅಲ್ಲಿ ಗಡುವು ಒಂದು ನಿಮಿಷವೂ ಸರಿಯುವುದಿಲ್ಲ.

ಇದು ಕಂಪ್ಯೂಟರ್ ಕಲಿಸಿದ ಹೊಸ ಪಾಠವೇನಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯನ್ನೇ ನೋಡಿ. ಮಾಹಿತಿ ಕೊಡಲು ಸಾಮಾನ್ಯ ಗಡುವು 30 ದಿನ. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಹೆಚ್ಚುವರಿ ಶುಲ್ಕ ಕಟ್ಟಿ ಎಂದು ಅಧಿಕಾರಿ ತಿಳಿಸಿದಂದಿನಿಂದ ಅರ್ಜಿದಾರರು ಕಟ್ಟುವವರೆಗಿನ ದಿನಗಳು ಲೆಕ್ಕಕ್ಕಿಲ್ಲ. ತುರ್ತಿನ ಭೇದವೂ, ನಿಲ್ಲುವ ಗಡಿಯಾರವೂ ಅಲ್ಲಿಯೇ ಇವೆ. ಜಾತಿ, ಆದಾಯ ಪ್ರಮಾಣಪತ್ರಗಳಿಗಾಗಿ ಮನೆಮನೆಗೂ ಪರಿಚಿತವಾದ ಕರ್ನಾಟಕದ 'ಸಕಾಲ' ಕೂಡ ಅರ್ಜಿಗೊಂದು ಸಂಖ್ಯೆ, ಸೇವೆಗೊಂದು ಗಡುವು ಎಂಬ ಸೂತ್ರದ ಮೇಲೆಯೇ ನಿಂತಿದೆ. 2011ರ ಆ ಕಾಯ್ದೆಯಲ್ಲಿ ವಿಳಂಬಕ್ಕೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರವುಂಟು.

ಹಾಗಾದರೆ ವಿದ್ಯಾರ್ಥಿಗಳು, ಪೋಷಕರು ಮಾಡಬೇಕಾದುದೇನು? ದೂರಿನ ಮೊದಲ ಸಾಲಿನಲ್ಲೇ ಪರೀಕ್ಷೆಯ ದಿನ, ಸಮಯ ಬರೆಯಬೇಕು. ಸರಿಯಾದ ವಿಷಯವನ್ನೇ ಆರಿಸಬೇಕು. 'ಇತರೆ' ಎಂದು ಗುರುತು ಹಾಕಿದರೆ ತುರ್ತು ದೂರೂ ಸಾಮಾನ್ಯರ ಸಾಲಿಗೆ ಸೇರುತ್ತದೆ. ಟಿಕೆಟ್ ಸಂಖ್ಯೆಯನ್ನು ಬರೆದಿಟ್ಟುಕೊಂಡು ಅದರ ಸ್ಥಿತಿಯನ್ನು ಆಗಾಗ ನೋಡುತ್ತಿರಬೇಕು. ಗಡುವು ರಜೆಯ ಆಚೆಗೆ ಬಿದ್ದಿದ್ದರೆ, ಫೋನ್ ಮಾಡಿ ಮನುಷ್ಯರೊಬ್ಬರನ್ನು ಹಿಡಿಯುವುದೇ ದಾರಿ.

ನಾಳೆ ಇಂಥ ತಂತ್ರಾಂಶಕ್ಕೆ ನಿಯಮ ತುಂಬಿಸುವ ಕುರ್ಚಿಯಲ್ಲಿ ಇಂದಿನ ವಿದ್ಯಾರ್ಥಿಗಳೇ ಕೂರಬಹುದು. ಆಗ ಶುಕ್ರವಾರ ಸಂಜೆಯ ಈ ಹುಡುಗಿ ಅವರಿಗೆ ನೆನಪಾದರೆ ಸಾಕು.