ಔಷಧದ ಬೆಲೆ ಇಳಿಯಿತು. ರೋಗ ಪತ್ತೆಯ ಗತಿ ಏನು?

ವರ್ಷಕ್ಕೆ ಸುಮಾರು 2.2 ಕೋಟಿ ರೂಪಾಯಿ ತಗಲುತ್ತಿದ್ದ ಚಿಕಿತ್ಸೆಯ ವೆಚ್ಚ 2.5 ಲಕ್ಷ ರೂಪಾಯಿಗೆ ಇಳಿದಿದೆ ಎಂದರೆ ನಂಬುವುದು ಕಷ್ಟ. ಟೈರೋಸಿನೀಮಿಯಾ ಎಂಬ ಅಪರೂಪದ ಆನುವಂಶಿಕ ರೋಗಕ್ಕೆ ನೀಡುವ ನಿಟಿಸಿನೋನ್ ಔಷಧವನ್ನು ದೇಶದಲ್ಲಿಯೇ ತಯಾರಿಸಿದ್ದರ ಫಲವಿದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2023ರ ನವೆಂಬರ್‌ನಲ್ಲಿ ಪ್ರಕಟಿಸಿತು.

ಆಹಾರದ ಪ್ರೋಟೀನಿನಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ಪೂರ್ಣವಾಗಿ ವಿಭಜಿಸುವ ಕಿಣ್ವ ಈ ಮಕ್ಕಳಲ್ಲಿ ಇರುವುದಿಲ್ಲ. ಪರಿಣಾಮವಾಗಿ ವಿಷಕಾರಿ ವಸ್ತುಗಳು ಸಂಗ್ರಹಗೊಂಡು ಯಕೃತ್ತು ಮತ್ತು ಮೂತ್ರಪಿಂಡಗಳನ್ನು ಹಾಳುಗೆಡವುತ್ತವೆ. ಕಳೆನಾಶಕಗಳ ಸಂಶೋಧನೆಯಿಂದ ಹೊರಬಂದ ನಿಟಿಸಿನೋನ್, ವಿಭಜನೆಯ ಆರಂಭದ ಹಂತವನ್ನೇ ತಡೆದು ವಿಷ ಉತ್ಪತ್ತಿಯಾಗದಂತೆ ನೋಡಿಕೊಳ್ಳುತ್ತದೆ. ಜೊತೆಗೆ ಪ್ರೋಟೀನ್ ಮಿತಿಯ ಆಹಾರ ಪಥ್ಯವೂ ಅಗತ್ಯ. ಎರಡೂ ಜೀವನಪರ್ಯಂತ ನಡೆಯಬೇಕು.

ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ 2021ರಲ್ಲಿ ಜಾರಿಗೆ ಬಂತು. ರೋಗಿಯೊಬ್ಬರಿಗೆ ಗರಿಷ್ಠ 50 ಲಕ್ಷ ರೂಪಾಯಿ ನೆರವು ನೀಡಲು 2022ರಲ್ಲಿ ಅವಕಾಶ ಕಲ್ಪಿಸಲಾಯಿತು. ಹಳೆಯ ದರದಲ್ಲಿ ಈ ಮೊತ್ತ ಮೂರು ತಿಂಗಳಿಗೂ ಸಾಲದು. ಹೊಸ ದರದಲ್ಲಿ ಇಪ್ಪತ್ತು ವರ್ಷಗಳಿಗೆ ಸಾಕು. ಅನುದಾನ ಹೆಚ್ಚಿಸುವುದಕ್ಕಿಂತ ಬೆಲೆ ಇಳಿಸುವುದೇ ಪರಿಣಾಮಕಾರಿ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಆದರೆ ಇಷ್ಟಕ್ಕೇ ಸಮಾಧಾನಪಡುವಂತಿಲ್ಲ. ಯಕೃತ್ತಿಗೆ ಧಕ್ಕೆಯಾಗುವ ಮುನ್ನವೇ ಆರಂಭಿಸಿದರಷ್ಟೇ ಔಷಧದ ಪೂರ್ಣ ಪ್ರಯೋಜನ. ಇದಕ್ಕೆ ಹುಟ್ಟಿದ ಕೆಲವೇ ದಿನಗಳಲ್ಲಿ ಶಿಶುವಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಗಳ ಪರೀಕ್ಷೆ ನಡೆಯಬೇಕು. ದೇಶದಲ್ಲಿ ಅದಿನ್ನೂ ಸಾರ್ವತ್ರಿಕವಾಗಿಲ್ಲ. ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ವಂಶವಾಹಿ ಬಂದಾಗ ಮಾತ್ರ ಈ ರೋಗ ಕಾಣಿಸಿಕೊಳ್ಳುತ್ತದೆ. ಹತ್ತಿರದ ಸಂಬಂಧದಲ್ಲಿ ಮದುವೆಯಾಗುವ ರೂಢಿಯಿರುವ ನಮ್ಮ ರಾಜ್ಯದಲ್ಲಿ ಈ ಪರೀಕ್ಷೆಯನ್ನು ನಿರ್ಲಕ್ಷಿಸುವುದು ಸಲ್ಲದು. ರಾಷ್ಟ್ರೀಯ ನೀತಿಯಡಿ ಗುರುತಿಸಲಾದ ರಾಜ್ಯದ ಚಿಕಿತ್ಸಾ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಬೀದರ್‌ನ ಶಿಶುವಿಗೆ ಕಾಮಾಲೆ ಕಾಣಿಸಿಕೊಂಡಾಗ ಅದರ ಮೂಲವನ್ನು ಶಂಕಿಸಬಲ್ಲ ವೈದ್ಯರು ಬೀದರ್‌ನಲ್ಲಿಯೇ ಇರಬೇಕಲ್ಲವೇ?

ಇನ್ನೊಂದು ಮುಖವೂ ಇದೆ. ನಿಟಿಸಿನೋನ್ ರಾಸಾಯನಿಕ ಔಷಧವಾದ್ದರಿಂದ ಅದನ್ನು ಇಲ್ಲಿ ತಯಾರಿಸುವುದು ಸಾಧ್ಯವಾಯಿತು. ಗೋಷೆ, ಪಾಂಪೆ ಮುಂತಾದ ರೋಗಗಳಿಗೆ ರಕ್ತನಾಳದ ಮೂಲಕ ನೀಡುವ ಕಿಣ್ವಗಳನ್ನು ಜೀವಕೋಶಗಳಲ್ಲಿ ಬೆಳೆಸಬೇಕು; ಅನುಕರಣೆ ಸುಲಭವಲ್ಲ. ಮಗುವಿನ ತೂಕ ಏರಿದಂತೆ ಅದರ ವೆಚ್ಚವೂ ಏರುತ್ತದೆ. ಅಂತಹ ಕುಟುಂಬಗಳಿಗೆ 50 ಲಕ್ಷದ ಮಿತಿ ಮುಗಿದ ದಿನ ಚಿಕಿತ್ಸೆಯೂ ನಿಲ್ಲುವ ಭೀತಿ ತಪ್ಪಿಲ್ಲ.

ಜನನವಾದ ಆಸ್ಪತ್ರೆಯಲ್ಲಿಯೇ ರಕ್ತಪರೀಕ್ಷೆ ಮತ್ತು ಕಿಣ್ವ ಔಷಧಗಳ ದೇಶೀಯ ತಯಾರಿಕೆಗೆ ಉತ್ತೇಜನ, ಇವೆರಡೂ ಸರ್ಕಾರದ ಮುಂದಿನ ಹೆಜ್ಜೆಗಳಾಗಬೇಕು. ಅಲ್ಲಿಯವರೆಗೆ ಇಳಿದ ಬೆಲೆಯ ಲಾಭ ದೊರೆಯುವುದು, ಅದೃಷ್ಟವಶಾತ್ ರೋಗ ಬೇಗ ಪತ್ತೆಯಾದ ಮಕ್ಕಳಿಗೆ ಮಾತ್ರ.