ಉಳಿಸಿದ ಅನ್ನ, ಉಳಿಯಬೇಕಾದ ಆರೋಗ್ಯ

ರಾಜಾಜಿನಗರ, ವಿಜಯನಗರದ ಎಷ್ಟೋ ಮನೆಗಳಲ್ಲಿ ಡಿಸೆಂಬರ್-ಜನವರಿಯಲ್ಲಿ ಸುಲಿದಿಟ್ಟ ಅವರೆಕಾಳು ತಿಂಗಳುಗಟ್ಟಲೆ ಫ್ರೀಜರಿನಲ್ಲೇ ಉಳಿದಿರುತ್ತದೆ. ಡಬ್ಬಗಳ ತಳದಲ್ಲಿ ಹುರುಳಿ, ಹೆಸರುಕಾಳು ಮರೆತುಹೋಗಿರುತ್ತವೆ. ತರಕಾರಿ ದುಬಾರಿಯಾದ ವಾರ ಇವನ್ನೇ ಹೊರತೆಗೆಯಿರಿ. ಅವರೆಕಾಳಿನ ಉಪ್ಪಿಟ್ಟು, ಹುರುಳಿಕಾಳಿನ ಬಸ್ಸಾರು, ಮೊಳಕೆ ಹೆಸರಿನ ಉಸಲಿ ಮಾಡಿ. ಪ್ರೋಟೀನು, ನಾರು ಎರಡೂ ದೊರೆಯುತ್ತವೆ, ಖರ್ಚೂ ಕಡಿಮೆ.

ಆದರೆ ಎಲ್ಲ ಉಳಿತಾಯವೂ ಒಳ್ಳೆಯದಲ್ಲ. ರಾತ್ರಿಯ ಅನ್ನವನ್ನು ಅಡುಗೆಕಟ್ಟೆಯ ಮೇಲೆಯೇ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಕಲಸುವ ರೂಢಿಯನ್ನು ಬಿಡಬೇಕು. ಅಕ್ಕಿಯಲ್ಲಿರಬಹುದಾದ 'ಬ್ಯಾಸಿಲಸ್ ಸೆರಿಯಸ್' ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಹೊರಗಿಟ್ಟ ಅನ್ನದಲ್ಲಿ ಅವು ಮೊಳೆತು, ಬೆಳೆದು, ವಿಷವನ್ನು ಉಂಟುಮಾಡಬಲ್ಲವು. ವಾಂತಿ ತರಿಸುವ ಆ ವಿಷ ಒಗ್ಗರಣೆಯ ಬಿಸಿಗೂ ನಾಶವಾಗದು. ಅನ್ನ ಹಳಸಿದ ವಾಸನೆ ಬಂದಿಲ್ಲವೆಂದು ಧೈರ್ಯ ತಾಳುವಂತಿಲ್ಲ.

ಉಪಾಯ ಸುಲಭ. ಮಿಕ್ಕ ಅನ್ನವನ್ನು ತಟ್ಟೆಯಲ್ಲಿ ಹರಡಿ ಆರಿಸಿ, 2 ಗಂಟೆಯೊಳಗೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ಮರುದಿನವೇ ಹೊಗೆಯಾಡುವಂತೆ ಬಿಸಿಮಾಡಿ ಮುಗಿಸಿ. ರಾತ್ರಿಯೆಲ್ಲಾ ಹೊರಗುಳಿದ ಅನ್ನವನ್ನು ಮಾತ್ರ ಮಕ್ಕಳ ಡಬ್ಬಿಗೆ ತುಂಬಬೇಡಿ, ಎಸೆದುಬಿಡಿ. ಒಂದು ಪಾವು ಅಕ್ಕಿ ಉಳಿಸಲು ಹೋಗಿ ಡಾಕ್ಟರಿಗೆ ಶುಲ್ಕ ತೆರುವುದು ಉಳಿತಾಯವಲ್ಲ.